ವಾರಕ್ಕೊಂದು ಮನೆ: ಪುನೀತ ಫ್ರೆಡರಿಕ್ ಓಝನಾಮ್‌ರ ಬದುಕು

ಭಾನುವಾರದ ಬಲಿಪೂಜೆಯ ಕೊನೆಯಲ್ಲಿ ಗುರುಗಳು ಪ್ರಕಟಣೆಗಳನ್ನು ಓದುತ್ತಾರೆ. ವಿವಾಹದ ಪ್ರಕಟಣೆ, ನವೇನದ ಸಮಯ, ಮಕ್ಕಳ ಧರ್ಮೋಪದೇಶ, ಇವೆಲ್ಲ ಮುಗಿದ ಮೇಲೆ ಒಂದು ಮನವಿ ಬರುತ್ತದೆ. ಹಾಸಿಗೆ ಹಿಡಿದ ವೃದ್ಧರನ್ನು ಮನೆಗೆ ಹೋಗಿ ನೋಡಿಬರಲು, ಬಡ ಮಕ್ಕಳಿಗೆ ಸಂಜೆ ಹೊತ್ತು ಪಾಠ ಹೇಳಿಕೊಡಲು ನಾಲ್ಕು ಜನ ಬೇಕಾಗಿದ್ದಾರೆ, ಮನಸ್ಸುಳ್ಳವರು ಬಂದು ಹೆಸರು ಕೊಡಬಹುದು ಎಂದು ಕೇಳಿಕೊಳ್ಳುತ್ತಾರೆ. ಆ ಕ್ಷಣದಲ್ಲಿ ನಿಮ್ಮ ಮನಸ್ಸಿಗೆ ಮೊದಲು ಬರುವುದೇನು? ಮಾಡಬೇಕೆಂಬ ಆಸೆಯೇನೋ ಇದೆ, ಆದರೆ ಸಮಯ ಎಲ್ಲಿದೆ ಎಂಬ ಯೋಚನೆಯೇ ಅಲ್ಲವೇ?

ಪ್ರಿಯ ಓದುಗರೇ, ಇದನ್ನು ಬರೀ ನೆಪವೆಂದು ತಳ್ಳಿಹಾಕುವಂತಿಲ್ಲ. ಬೆಳಿಗ್ಗೆ ಎದ್ದರೆ ಅಡುಗೆ, ಮಕ್ಕಳ ಶಾಲೆ, ಕೆಲಸಕ್ಕೆ ಹೋಗುವ ಬಸ್ಸು. ಸಂಜೆ ಬಂದರೆ ಮನೆಯ ವಯಸ್ಸಾದವರ ಔಷಧಿ, ಮಕ್ಕಳ ಪರೀಕ್ಷೆ, ನೆಂಟರ ಮನೆಯ ಕಾರ್ಯ. ಇವೂ ದೇವರು ನಮಗೆ ಒಪ್ಪಿಸಿರುವ ಕರ್ತವ್ಯಗಳೇ. ಹೀಗಿರುವಾಗ ಹೊರಗಿನ ಬಡವರಿಗೆ ಯಾವ ಹೊತ್ತು ಉಳಿಯುತ್ತದೆ? ಈ ಪ್ರಶ್ನೆ ನಿಮ್ಮನ್ನು ಕಾಡಿದ್ದರೆ, ಫ್ರಾನ್ಸ್ ದೇಶದಲ್ಲಿ ಬಾಳಿದ ಒಬ್ಬ ಶ್ರೀಸಾಮಾನ್ಯರ ಜೀವನವನ್ನು ಸ್ವಲ್ಪ ಬಿಡುವು ಮಾಡಿಕೊಂಡು ಓದಿರಿ. ಅವರು ಯಾಜಕರಲ್ಲ, ಸನ್ಯಾಸಿಯಲ್ಲ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಒಬ್ಬಾಕೆಯ ಪತಿ, ಒಂದು ಹೆಣ್ಣುಮಗುವಿನ ತಂದೆ. ನಲವತ್ತೇ ವರ್ಷ ಬದುಕಿದರು. ಅವರೇ ಫ್ರೆಡರಿಕ್ ಓಝನಾಮ್.

ವೈದ್ಯರ ಮನೆಯ ಹುಡುಗ

ಫ್ರೆಡರಿಕ್ ಹುಟ್ಟಿದ್ದು 1813ರ ಏಪ್ರಿಲ್ 23ರಂದು, ಇಟಲಿಯ ಮಿಲಾನ್ ನಗರದಲ್ಲಿ. ತಂದೆ ಜಾನ್ ಆಂಟೋನಿ ಓಝನಾಮ್ ಫ್ರೆಂಚರು, ವೈದ್ಯರು. ತಾಯಿ ಮರಿಯ. 14 ಮಕ್ಕಳಲ್ಲಿ ಫ್ರೆಡರಿಕ್ ಐದನೆಯವರು. ಆ ಕಾಲದ ಬಹಳಷ್ಟು ಮನೆಗಳಂತೆ ಇಲ್ಲಿಯೂ ಹೆಚ್ಚಿನ ಮಕ್ಕಳು ಎಳವೆಯಲ್ಲೇ ತೀರಿಕೊಂಡರು. 1816ರಲ್ಲಿ ಕುಟುಂಬ ಫ್ರಾನ್ಸಿನ ಲಿಯೋನ್ ನಗರಕ್ಕೆ ಮರಳಿತು. ರೇಷ್ಮೆ ನೇಯುವ ಸಾವಿರಾರು ಕೂಲಿಕಾರರು ಇಕ್ಕಟ್ಟಿನ ಎತ್ತರದ ಮನೆಗಳಲ್ಲಿ ಬದುಕುತ್ತಿದ್ದ ಊರು ಅದು.

ತಂದೆ ಅನೇಕ ಬಡ ರೋಗಿಗಳನ್ನು ಹಣ ಪಡೆಯದೆ ನೋಡುತ್ತಿದ್ದರು. ತಾಯಿಯೂ ಕಾಯಿಲೆಯವರ ಪಕ್ಕದಲ್ಲಿ ರಾತ್ರಿ ಎಚ್ಚರವಿದ್ದು ಉಪಚರಿಸುವ ಹೆಂಗಸರ ಗುಂಪಿನಲ್ಲಿದ್ದರು. ವಯಸ್ಸಾಗುತ್ತ ಬಂದಾಗ ಗಂಡ ಹೆಂಡಿರಿಬ್ಬರೂ ಒಂದು ಒಪ್ಪಂದ ಮಾಡಿಕೊಂಡರಂತೆ: ಇನ್ನು ಮೇಲೆ ನಾಲ್ಕನೆಯ ಅಂತಸ್ತಿಗಿಂತ ಮೇಲೆ ಹತ್ತಬಾರದು ಎಂದು. ಅಗ್ಗದ ಬಾಡಿಗೆಯ ಕೋಣೆಗಳಿರುತ್ತಿದ್ದುದು ಮೇಲಿನ ಅಂತಸ್ತುಗಳಲ್ಲಿ, ಹಾಗಾಗಿ ಬಡವರೆಲ್ಲ ಇದ್ದುದು ಅಲ್ಲಿಯೇ. ಒಂದು ದಿನ ಇಬ್ಬರೂ ಒಬ್ಬರಿಗೊಬ್ಬರು ತಿಳಿಸದೆ ಅದಕ್ಕಿಂತ ಮೇಲೆ ಹತ್ತಿ, ಒಂದೇ ಬಡವರ ಮನೆಯಲ್ಲಿ ಎದುರುಬದುರಾದರು ಎಂದು ಹೇಳುತ್ತಾರೆ. 1837ರಲ್ಲಿ ರೋಗಿಯೊಬ್ಬರನ್ನು ನೋಡಲು ಹೋದಾಗ ಮೆಟ್ಟಿಲಿನಿಂದ ಬಿದ್ದು ತಂದೆ ಪ್ರಾಣಬಿಟ್ಟರು. ಬಡವರ ಮೆಟ್ಟಿಲು ಹತ್ತುವುದು ಮಗನಿಗೆ ಮನೆಯಿಂದಲೇ ಬಂದ ಪಾಠವಾಗಿತ್ತು.

ಹದಿಹರೆಯದಲ್ಲಿ ಫ್ರೆಡರಿಕ್‌ರ ವಿಶ್ವಾಸ ಅಲುಗಾಡಿತು. ಸುತ್ತಲಿನ ಲೋಕವೆಲ್ಲ ಧರ್ಮದ ಕಾಲ ಮುಗಿಯಿತೆಂದು ಸಾರುತ್ತಿದ್ದ ದಿನಗಳವು. ಸಂಶಯಗಳು ಹಗಲಿರುಳೂ ಹಿಂಸಿಸಿದವು. ಆಗ ಕೈಹಿಡಿದು ನಡೆಸಿದವರು ಅವರಿಗೆ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಯಾಜಕ ನ್ವಾರೊ. ಪ್ರಶ್ನೆ ಕೇಳಬೇಡ ಎಂದು ಅವರು ಹುಡುಗನ ಬಾಯಿ ಮುಚ್ಚಿಸಲಿಲ್ಲ. ಜೊತೆಯಲ್ಲಿ ಸುತ್ತಾಡುತ್ತ, ಮಾತನಾಡುತ್ತ, ಯೋಚಿಸಲು ಕಲಿಸಿದರು. ಸಂಶಯದ ಕತ್ತಲೆಯಿಂದ ಹೊರಬಂದ ಫ್ರೆಡರಿಕ್ ತಮ್ಮ ಜೀವನವನ್ನು ಸತ್ಯದ ಸೇವೆಗೆ ಮುಡಿಪಾಗಿಡುವುದಾಗಿ ನಿಶ್ಚಯಿಸಿದರು.

ಪ್ಯಾರಿಸ್ಸಿನಲ್ಲಿ ಕೇಳಿಬಂದ ಪ್ರಶ್ನೆ

1831ರಲ್ಲಿ ಹದಿನೆಂಟರ ಫ್ರೆಡರಿಕ್ ಕಾನೂನು ಓದಲು ಪ್ಯಾರಿಸ್ಸಿಗೆ ಹೋದರು. ಅಲ್ಲಿ ವಾಸಕ್ಕೆ ಜಾಗ ಕೊಟ್ಟವರು ಪ್ರಸಿದ್ಧ ವಿಜ್ಞಾನಿ ಆಂಪಿಯರ್. ವಿದ್ಯುತ್ ಪ್ರವಾಹವನ್ನು ಅಳೆಯುವ ಮಾನಕ್ಕೆ ಇಂದಿಗೂ ಅವರದೇ ಹೆಸರಿದೆ. ಇಷ್ಟು ದೊಡ್ಡ ಪಂಡಿತರು ಸಂತ ಸ್ತೇಫನರ ಚರ್ಚಿನ ಒಂದು ಮೂಲೆಯಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದುದನ್ನು ಕಂಡ ಯುವಕನ ಮನಸ್ಸು ಗಟ್ಟಿಯಾಯಿತು.

1832ರಲ್ಲಿ ಪ್ಯಾರಿಸ್ಸಿಗೆ ಕಾಲರಾ ಬಂತು. ಆ ಒಂದೇ ವರ್ಷ ನಗರದಲ್ಲಿ 18 ಸಾವಿರಕ್ಕೂ ಹೆಚ್ಚು ಜನ ಸತ್ತರು. ಹೆಚ್ಚು ಪೆಟ್ಟು ತಿಂದವರು ಬಡವರು. ದುಡಿಯುವ ಗಂಡಸು ಹೋದ ಮನೆಗಳಲ್ಲಿ ವಿಧವೆಯರೂ ಅನಾಥ ಮಕ್ಕಳೂ ಉಳಿದರು.

ಅದೇ ಹೊತ್ತಿನಲ್ಲಿ ಫ್ರೆಡರಿಕ್ ಮತ್ತು ಗೆಳೆಯರು ಒಂದು ಚರ್ಚಾಕೂಟ ನಡೆಸುತ್ತಿದ್ದರು. ವಿಶ್ವಾಸಿಗಳೂ ನಾಸ್ತಿಕರೂ ಅಲ್ಲಿ ಸೇರಿ ಇತಿಹಾಸ, ತತ್ತ್ವಶಾಸ್ತ್ರಗಳ ಬಗ್ಗೆ ವಾದಿಸುತ್ತಿದ್ದರು. ಕ್ರೈಸ್ತಧರ್ಮ ಜಗತ್ತಿಗೆ ಮಾಡಿದ ಉಪಕಾರಗಳನ್ನು ಫ್ರೆಡರಿಕ್ ಒಂದೊಂದಾಗಿ ವಿವರಿಸುತ್ತಿದ್ದಾಗ ಎದುರಾಳಿ ವಿದ್ಯಾರ್ಥಿಯೊಬ್ಬ ಒಂದೇ ಪ್ರಶ್ನೆ ಹಾಕಿದ: ಹಿಂದೆ ನಿಮ್ಮ ಧರ್ಮಸಭೆ ದೊಡ್ಡ ಕೆಲಸ ಮಾಡಿರಬಹುದು, ಈಗ ನೀವು ಮಾಡುತ್ತಿರುವುದೇನು? ಬಡವರಿಗಾಗಿ ನೀವು ಮಾಡಿರುವ ಯಾವ ಕೆಲಸವನ್ನು ನಮಗೆ ತೋರಿಸುತ್ತೀರಿ?

ಮಾತಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ವಾದದಲ್ಲಿ ಗೆದ್ದರೂ ಸೋತಂತೆಯೇ ಎಂದು ಫ್ರೆಡರಿಕ್‌ಗೆ ಅನ್ನಿಸಿತು. ನೋಡಿರಿ, ಅವರು ಆಗ ವಿದ್ಯಾರ್ಥಿ. ತಂದೆಯ ಆಸೆಯಂತೆ ಕಾನೂನು ಓದಬೇಕು, ತಮ್ಮ ಆಸೆಯಂತೆ ಸಾಹಿತ್ಯ ಮತ್ತು ಭಾಷೆಗಳನ್ನು ಕಲಿಯಬೇಕು. ಕೈಯಲ್ಲಿ ಹಣವಿಲ್ಲ. ಓದು ಮುಗಿಯಲಿ, ಒಂದು ಉದ್ಯೋಗ ಸಿಗಲಿ, ಆಮೇಲೆ ಬಡವರ ವಿಚಾರ ನೋಡೋಣ ಎಂದು ಹೇಳಲು ಅವರಿಗೆ ಬೇಕಾದಷ್ಟು ಕಾರಣಗಳಿದ್ದವು. ಅವರು ಹಾಗೆ ಹೇಳಲಿಲ್ಲ.

ಏಳು ಜನ, ಒಂದು ಕೆಲಸ

1833ರ ಏಪ್ರಿಲ್ 23, ಮಂಗಳವಾರ ಸಂಜೆ. ಫ್ರೆಡರಿಕ್‌ಗೆ ಅಂದಿಗೆ ಇಪ್ಪತ್ತು ತುಂಬಿತ್ತು. ಎಮ್ಯಾನುವೆಲ್ ಬೈಲಿ ಎಂಬ ಕಥೋಲಿಕ ಪತ್ರಕರ್ತರ ಕಚೇರಿಯಲ್ಲಿ ಏಳು ಜನ ಸೇರಿದರು. ಬೈಲಿಯವರು ನಲವತ್ತರ ಸಮೀಪದ ಗೃಹಸ್ಥರು, ಉಳಿದ ಆರು ಮಂದಿ ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳು. ಹಿರಿಯರೆಂದು ಬೈಲಿಯವರನ್ನೇ ಅಧ್ಯಕ್ಷರನ್ನಾಗಿ ಮಾಡಿಕೊಂಡರು.

ಅಂದು ಅವರು ಕೈಗೊಂಡ ನಿರ್ಧಾರ ಬಹಳ ಸಣ್ಣದು. ಪ್ರತಿಯೊಬ್ಬರೂ ಬಡ ಕುಟುಂಬವನ್ನು ತಮ್ಮದೆಂದು ಒಪ್ಪಿಕೊಂಡು ಅವರ ಮನೆಗೆ ಹೋಗಿಬರುವುದು, ಕೈಲಾದ ಸಹಾಯ ಮಾಡುವುದು. ವಾರಕ್ಕೊಮ್ಮೆ ಎಲ್ಲರೂ ಸೇರಿ ಪ್ರಾರ್ಥಿಸಿ, ಯಾವ ಮನೆಯಲ್ಲಿ ಏನು ಕಂಡೆವೆಂದು ಹೇಳಿಕೊಳ್ಳುವುದು. ಕೊನೆಯಲ್ಲಿ ತಮ್ಮತಮ್ಮಲ್ಲೇ ಕಾಣಿಕೆ ಎತ್ತುವುದು. ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯುವಂತಿರಲಿಲ್ಲ.

ಹುರುಪೇನೋ ಇತ್ತು, ಅನುಭವವಿರಲಿಲ್ಲ. ಯಾವ ಮನೆಗೆ ಹೋಗಬೇಕು, ಹೋಗಿ ಏನು ಮಾತನಾಡಬೇಕು ಎಂಬುದೂ ಗೊತ್ತಿರಲಿಲ್ಲ. ಅದಕ್ಕಾಗಿ ಅವರು ಗೊತ್ತಿದ್ದವರ ಬಳಿ ಹೋದರು. ವಿದ್ಯಾರ್ಥಿಗಳ ಬಡಾವಣೆಗೆ ತಾಗಿಕೊಂಡೇ ಇದ್ದ ಮುಫ್ತಾರ್ ಕೇರಿ ಪ್ಯಾರಿಸ್ಸಿನ ಅತಿ ಬಡ ಕೇರಿಗಳಲ್ಲಿ ಒಂದು. ಅಲ್ಲಿ ಸಂತ ವಿನ್ಸೆಂಟ್ ದೆ ಪೌಲರ ಸೇವಾಸಭೆಗೆ ಸೇರಿದ ಕನ್ಯಾಸ್ತ್ರೀ ಸಿಸ್ಟರ್ ರೊಸಾಲಿ ರೆಂಡು ಅನೇಕ ವರ್ಷಗಳಿಂದ ದುಡಿಯುತ್ತಿದ್ದರು. ಕೇರಿಯ ಒಂದೊಂದು ಮನೆಯ ಕಷ್ಟವೂ ಅವರಿಗೆ ಗೊತ್ತು. ಆ ಯುವಕರಿಗೆ ಕುಟುಂಬಗಳ ಹೆಸರು ಕೊಟ್ಟವರೂ, ಅಂಗಡಿಯಲ್ಲಿ ತೋರಿಸಿ ರೊಟ್ಟಿ ಪಡೆಯಬಹುದಾದ ಚೀಟಿಗಳನ್ನು ಒದಗಿಸಿದವರೂ ಅವರೇ. ಬಡವರ ಮಾತನ್ನು ತಾಳ್ಮೆಯಿಂದ ಕೇಳಬೇಕು, ಅವರ ತಪ್ಪುಗಳನ್ನು ಎಣಿಸುತ್ತ ಕೂರಬಾರದು ಎಂದು ಕಲಿಸಿದವರೂ ಅವರೇ. 2003ರಲ್ಲಿ ಧರ್ಮಸಭೆ ಈ ಸಿಸ್ಟರ್ ರೊಸಾಲಿಯವರಿಗೂ ಪುನೀತ ಪದವಿ ನೀಡಿ ಗೌರವಿಸಿತು.

ಈ ಕೂಟ ಸಂತ ವಿನ್ಸೆಂಟ್ ದೆ ಪೌಲರನ್ನು ಪಾಲಕರಾಗಿ ಆರಿಸಿಕೊಂಡಿತು. ಎರಡು ವರ್ಷ ತುಂಬುವುದರೊಳಗೆ ಸದಸ್ಯರ ಸಂಖ್ಯೆ ನೂರು ದಾಟಿತು. ಆಗ ಒಂದು ಚರ್ಚೆ ಎದ್ದಿತು. ಒಂದೇ ಗುಂಪಾಗಿ ಉಳಿಯಬೇಕೋ, ಧರ್ಮಕೇಂದ್ರಗಳಿಗೆ ತಕ್ಕಂತೆ ಬೇರೆ ಬೇರೆ ಗುಂಪುಗಳಾಗಬೇಕೋ? ಬೇರೆಯಾದರೆ ಸ್ನೇಹ ಹೋಗುತ್ತದೆಂದು ಕೆಲವರು ತುಂಬ ನೊಂದುಕೊಂಡರು. ಫ್ರೆಡರಿಕ್ ವಿಭಜನೆಯ ಪರವಾಗಿ ನಿಂತರು. ಗುಂಪು ಸಣ್ಣದಾಗಿದ್ದರೆ ಒಬ್ಬರನ್ನೊಬ್ಬರು ಬಲ್ಲರು. ಮನೆಗೆ ಹತ್ತಿರದಲ್ಲೇ ಕೆಲಸವಿದ್ದರೆ ಬಿಡದೆ ಮಾಡಬಲ್ಲರು. ಕೊನೆಗೆ 1835ರಲ್ಲಿ ಗುಂಪುಗಳು ಬೇರೆಯಾದವು, ಸ್ನೇಹ ಉಳಿಯಿತು. ಅದೇ ವರ್ಷ ಸಭೆಯ ಮೊದಲ ನಿಯಮಾವಳಿಯೂ ಸಿದ್ಧವಾಯಿತು.

ಕುಳಿತು ಮಾತನಾಡುವ ಸೇವೆ

ಬಡವರಿಗೆ ಹಣ ಹಂಚುವವರು ಆ ಕಾಲದ ಪ್ಯಾರಿಸ್ಸಿನಲ್ಲಿ ಇರಲಿಲ್ಲವೆಂದಲ್ಲ. ಸರ್ಕಾರದ ಸಹಾಯ ಕಚೇರಿಗಳಿದ್ದವು, ದಾನಿಗಳಿದ್ದರು. ಆದರೆ ಅಲ್ಲಿ ಬಡವನು ಸಾಲಿನಲ್ಲಿ ನಿಂತು ಕೈಚಾಚಬೇಕಿತ್ತು. ಓಝನಾಮ್ ಮತ್ತು ಗೆಳೆಯರು ತಾವೇ ಬಡವನ ಬಾಗಿಲಿಗೆ ಹೋದರು. ಓಝನಾಮ್ ಬಡವರ ಮನೆಯೊಳಗೆ ಕಾಲಿಡುವಾಗ ಟೋಪಿ ತೆಗೆದು, ಗೌರವಸ್ಥರ ಮನೆಗೆ ಬಂದಂತೆ ವಂದಿಸುತ್ತಿದ್ದರು. ಕುಳಿತು ಮಾತನಾಡುತ್ತಿದ್ದರು. ಮಕ್ಕಳ ಓದು, ಬಾಡಿಗೆಯ ತಾಪತ್ರಯ, ಕೆಲಸದ ಸುದ್ದಿ ಕೇಳುತ್ತಿದ್ದರು. ಉಪದೇಶ ಮಾಡಲು ಅವಸರಪಡುತ್ತಿರಲಿಲ್ಲ. ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವ ಅವರಲ್ಲಿರಲಿಲ್ಲ. ಬಡವರಲ್ಲಿ ಅವರು ಗಾಯಗೊಂಡ ಯೇಸುಸ್ವಾಮಿಯನ್ನೇ ಕಾಣುತ್ತಿದ್ದರು.

ಹಾಗೆಂದು ಅವರು ಎಂದೂ ಬೇಸರಗೊಳ್ಳದ ದೇವದೂತರೇನಲ್ಲ. ಅವರ ಜೀವನ ಬರೆದವರು ಒಂದು ಘಟನೆ ಹೇಳುತ್ತಾರೆ. ಇಟಲಿಯವನೊಬ್ಬನಿಗೆ ಓಝನಾಮ್ ಕೆಲಸ ಕೊಡಿಸಿದ್ದರು. ಅವನು ಕೆಲಸ ಕೊಟ್ಟವರಿಗೇ ವಂಚಿಸಿದ. ಸ್ವಲ್ಪ ಕಾಲದ ಮೇಲೆ ಕಷ್ಟದಲ್ಲಿ ಸಿಕ್ಕಿ ಮತ್ತೆ ಓಝನಾಮ್‌ರ ಬಾಗಿಲಿಗೆ ಬಂದಾಗ ಅವರು ಸಿಟ್ಟಿನಿಂದ ಅವನನ್ನು ಕಳುಹಿಸಿಬಿಟ್ಟರು. ಬಾಗಿಲು ಮುಚ್ಚಿದ ಮೇಲೆ ಮನಸ್ಸು ಕುಟುಕಿತು. ಮನುಷ್ಯನೊಬ್ಬನನ್ನು ನಿರಾಶೆಗೆ ತಳ್ಳುವ ಹಕ್ಕು ತಮಗಿಲ್ಲ, ಒಂದು ದಿನ ತಾವೂ ದೇವರ ಮುಂದೆ ಕ್ಷಮೆ ಬೇಡಿ ನಿಲ್ಲಬೇಕು ಎನ್ನಿಸಿತು. ಟೋಪಿ ಎತ್ತಿಕೊಂಡು ಅವನ ಹಿಂದೆ ಓಡಿದರು. ಲಕ್ಸಂಬರ್ಗ್ ಉದ್ಯಾನದಲ್ಲಿ ಅವನನ್ನು ಕಂಡುಹಿಡಿದು ಸಹಾಯ ಮಾಡಿದ ಮೇಲೆಯೇ ಅವರಿಗೆ ಸಮಾಧಾನವಾದದ್ದು.

ಬಿಡುವಿಲ್ಲದ ವರ್ಷಗಳು

ವಿದ್ಯಾರ್ಥಿಯಾಗಿದ್ದಾಗ ಸೇವೆ ಮಾಡುವುದು ಸುಲಭ, ಸಂಸಾರ ಮತ್ತು ಉದ್ಯೋಗ ಬಂದ ಮೇಲೆ ನೋಡಬೇಕು ಎಂದು ನೀವು ಹೇಳಬಹುದು. ನಿಜ. ಅನೇಕ ಯುವಕರ ಉತ್ಸಾಹ ಮೊದಲ ಸಂಬಳದೊಂದಿಗೆ ಮುಗಿಯುತ್ತದೆ. ಆದ್ದರಿಂದ ಓಝನಾಮ್‌ರ ನಂತರದ ವರ್ಷಗಳನ್ನು ನೋಡೋಣ.

1836ರಲ್ಲಿ ಕಾನೂನಿನಲ್ಲಿ ಡಾಕ್ಟರೇಟ್. 1837ರಲ್ಲಿ ತಂದೆಯ ಸಾವು. ಮನೆಯ ಭಾರ ಹೆಗಲಿಗೆ ಬಂತು. ತಾಯಿಯ ಕಾಯಿಲೆ. 1839ರಲ್ಲಿ ಇಟಲಿಯ ಮಹಾಕವಿ ದಾಂತೆಯ ಬಗ್ಗೆ ಬರೆದ ಪ್ರಬಂಧಕ್ಕೆ ಸಾಹಿತ್ಯದಲ್ಲಿ ಎರಡನೆಯ ಡಾಕ್ಟರೇಟ್. ಅದೇ ವರ್ಷ ತಾಯಿಯೂ ತೀರಿಕೊಂಡರು, ಲಿಯೋನಿನಲ್ಲಿ ವಾಣಿಜ್ಯ ಕಾನೂನಿನ ಪ್ರಾಧ್ಯಾಪಕ ಹುದ್ದೆಯೂ ಸಿಕ್ಕಿತು. 1840ರಲ್ಲಿ ಪ್ಯಾರಿಸ್ಸಿನ ಕಠಿಣ ಸ್ಪರ್ಧಾ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಮರುವರ್ಷದಿಂದ ಪ್ರಸಿದ್ಧ ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ವಿದೇಶಿ ಸಾಹಿತ್ಯದ ಅಧ್ಯಾಪನ. 1844ರಲ್ಲಿ ಅಲ್ಲಿಯೇ ಪೂರ್ಣ ಪ್ರಾಧ್ಯಾಪಕ. ಒಂದು ಉಪನ್ಯಾಸಕ್ಕೆ ರಾತ್ರಿಯೆಲ್ಲ ಓದಿ ಸಿದ್ಧರಾಗುತ್ತಿದ್ದರು. ಪರೀಕ್ಷೆಗಳ ಕೆಲಸ, ಪುಸ್ತಕ ಬರೆಯುವ ಕೆಲಸ, ದೇಶದ ನಾನಾ ಕಡೆಯ ಗೆಳೆಯರಿಗೆ ಪತ್ರ ಬರೆಯುವ ಕೆಲಸ, ಇವೆಲ್ಲ ಬೇರೆ. ಮೇಲಾಗಿ ದೇಹ ಗಟ್ಟಿಯಾದದ್ದಲ್ಲ.

ಈ ವರ್ಷಗಳಲ್ಲಿ ಬಡವರ ಮನೆಗೆ ಹೋಗುವುದನ್ನು ಅವರು ಬಿಡಲಿಲ್ಲ. ಲಿಯೋನಿನಲ್ಲಿದ್ದಾಗ ಅಲ್ಲಿನ ಗುಂಪಿನ ಜೊತೆ, ಪ್ಯಾರಿಸ್ಸಿಗೆ ಬಂದಾಗ ಇಲ್ಲಿನ ಗುಂಪಿನ ಜೊತೆ ದುಡಿದರು. ಊರು ಬದಲಾದಾಗ ಸೇವೆಯ ಜಾಗ ಬದಲಾಯಿತು, ಸೇವೆ ನಿಲ್ಲಲಿಲ್ಲ. ಸಭೆಯ ಪ್ರಧಾನ ಅಧ್ಯಕ್ಷರಾಗಿ ಅವರು ಎಂದೂ ಇರಲಿಲ್ಲ. ಉಪಾಧ್ಯಕ್ಷರಾಗಿ, ಸಾಮಾನ್ಯ ಸದಸ್ಯರಂತೆ ತಮ್ಮ ಪಾಲಿನ ಕುಟುಂಬಗಳನ್ನು ನೋಡಿಕೊಂಡರು. ಇದನ್ನು ಗಮನಿಸಿರಿ. ನಮ್ಮಲ್ಲಿ ಎಷ್ಟೋ ಸಂಘಗಳಲ್ಲಿ ಪದಾಧಿಕಾರಿಗಳ ಸಭೆಗಳಲ್ಲೇ ಸಮಯವೆಲ್ಲ ಕಳೆದುಹೋಗಿ, ಬಡವರ ಬಾಗಿಲಿಗೆ ಹೋಗಲು ಯಾರಿಗೂ ಹೊತ್ತು ಉಳಿಯುವುದಿಲ್ಲ. ಓಝನಾಮ್ ಹೆಸರು ಬರುವ ಕೆಲಸಕ್ಕಿಂತ ಮೆಟ್ಟಿಲು ಹತ್ತುವ ಕೆಲಸವನ್ನೇ ಹಿಡಿದುಕೊಂಡರು.

ತರಗತಿಯ ಪಾಠವನ್ನೂ ಅವರು ಸೇವೆಯೆಂದೇ ಬಗೆದರು. 1852ರ ವಸಂತದಲ್ಲಿ ಜ್ವರದಿಂದ ಮಲಗಿದ್ದಾಗ, ಪ್ರಾಧ್ಯಾಪಕರು ಪಾಠಕ್ಕೆ ಬರುತ್ತಿಲ್ಲವೆಂದು ವಿದ್ಯಾರ್ಥಿಗಳು ಗಲಾಟೆ ಮಾಡುತ್ತಿರುವ ಸುದ್ದಿ ಬಂತು. ಹೆಂಡತಿ, ತಮ್ಮ, ವೈದ್ಯರು ಬೇಡವೆಂದರೂ ಎದ್ದುಹೋಗಿ ಪಾಠ ಮಾಡಿದರು. ಬಿಳುಚಿದ ಆ ಮುಖವನ್ನು ಕಂಡು ವಿದ್ಯಾರ್ಥಿಗಳು ನಾಚಿದರು, ಕೊನೆಯಲ್ಲಿ ಚಪ್ಪಾಳೆ ತಟ್ಟಿದರು. ಸೋರ್ಬಾನಿನಲ್ಲಿ ಅವರು ಮಾಡಿದ ಕಡೆಯ ಪಾಠ ಅದು.

ಮನೆಯನ್ನು ಮರೆಯದ ಸೇವಕ

ಯಾಜಕರಾಗಬೇಕೋ, ಗೃಹಸ್ಥರಾಗಬೇಕೋ ಎಂಬ ಪ್ರಶ್ನೆ ಓಝನಾಮ್‌ರನ್ನು ಬಹಳ ಕಾಲ ಕಾಡಿತ್ತು. ಕೊನೆಗೆ ತಮ್ಮ ಕರೆ ಸಂಸಾರದ ಕರೆಯೆಂದು ತಿಳಿದು, 1841ರ ಜೂನ್ 23ರಂದು ಲಿಯೋನಿನಲ್ಲಿ ಅಮೆಲಿ ಸುಲಾಕ್ರ್ವಾ ಎಂಬ ಯುವತಿಯನ್ನು ಮದುವೆಯಾದರು. ಮದುವೆಯಾದ ದಿನಾಂಕದ ನೆನಪಿಗೆ ಪ್ರತಿ ತಿಂಗಳು 23ರಂದು ಅವರು ಅಮೆಲಿಗೆ ಹೂ ಕೊಡುತ್ತಿದ್ದರು. ವರ್ಷಕ್ಕೊಮ್ಮೆಯಲ್ಲ, ತಿಂಗಳಿಗೊಮ್ಮೆ! ನಾಲ್ಕು ವರ್ಷ ಕಾದ ಮೇಲೆ 1845ರ ಜುಲೈಯಲ್ಲಿ ಅವರಿಗೆ ಮರಿಯ ಎಂಬ ಮಗಳು ಹುಟ್ಟಿದಳು.

ಊರಿನವರಿಗೆಲ್ಲ ಉಪಕಾರ ಮಾಡಿ ಮನೆಯವರಿಗೆ ಮುಖವನ್ನೇ ತೋರಿಸದ ಸಮಾಜಸೇವಕರನ್ನು ನಾವು ಕಂಡಿದ್ದೇವೆ. ಅಂಥ ಸೇವೆಯ ಬೆಲೆಯನ್ನು ಹೆಂಡತಿ ಮಕ್ಕಳು ತೆರುತ್ತಾರೆ. ಓಝನಾಮ್‌ರ ಮನೆಯಲ್ಲಿ ಈ ಎಳೆದಾಟ ಇರಲೇ ಇಲ್ಲವೆನ್ನಲಾಗದು. ಒಂದು ಹೊಸ ವರ್ಷದ ದಿನ ನಡೆದದ್ದನ್ನು ಕೇಳಿರಿ.

ಅವರಿಗೆ ಗೊತ್ತಿದ್ದ ಒಂದು ಕುಟುಂಬ ಹಿಂದೆ ಚೆನ್ನಾಗಿ ಬದುಕಿ ಈಗ ಬಡತನಕ್ಕೆ ಬಿದ್ದಿತ್ತು. ಹಳೆಯ ದಿನಗಳ ಗುರುತಾಗಿ ಉಳಿದಿದ್ದ ಒಂದೇ ಒಂದು ಮರದ ಬೀರುವನ್ನೂ ಅವರು ಗಿರವಿ ಇಡಬೇಕಾಗಿ ಬಂದಿತ್ತು. ಅದನ್ನು ಬಿಡಿಸಿ, ಹೊಸ ವರ್ಷದ ಉಡುಗೊರೆಯಾಗಿ ಅವರಿಗೆ ಮರಳಿಸಬೇಕೆಂದು ಓಝನಾಮ್ ಅಂದು ಬೆಳಿಗ್ಗೆ ಅಮೆಲಿಗೆ ಹೇಳಿದರು. ಅಮೆಲಿ ಕಠಿಣ ಹೃದಯದವರಲ್ಲ, ಆದರೆ ಮನೆ ನಡೆಸುವವರು. ಅವರು ಹೇಳಿದ ಕಾರಣಗಳು ಸರಿಯಾಗಿಯೇ ಇದ್ದವು. ಓಝನಾಮ್ ಒಪ್ಪಿ ಸುಮ್ಮನಾದರು. ಸಂಜೆ ನೆಂಟರ ಮನೆಗಳಿಂದ ಮರಳಿ ಬಂದಾಗ ಮಗಳ ಸುತ್ತ ಆಟಿಕೆಗಳೂ ಸಿಹಿತಿಂಡಿಗಳೂ ಹರಡಿದ್ದವು. ಓಝನಾಮ್ ಮಾತ್ರ ಮಂಕಾಗಿ ಕುಳಿತಿದ್ದರು, ತಿಂಡಿಯನ್ನೂ ಮುಟ್ಟಲಿಲ್ಲ. ಆ ಬೀರುವಿನ ಯೋಚನೆ ಅವರನ್ನು ಬಿಟ್ಟಿರಲಿಲ್ಲ. ಗಂಡನ ಮುಖ ನೋಡಿದ ಅಮೆಲಿ ಈಗಲೇ ಹೋಗಿ ಬಿಡಿಸಿ ಕೊಟ್ಟುಬನ್ನಿ ಎಂದರು. ಓಝನಾಮ್ ಕೂಡಲೇ ಹೊರಟರು. ಬೀರು ಆ ಮನೆಗೆ ತಲುಪಿದ್ದನ್ನು ಕಣ್ಣಾರೆ ಕಂಡು ನಗುಮುಖದಿಂದ ಮರಳಿದರು.

ಈ ಘಟನೆಯಲ್ಲಿ ಅವರು ಹೆಂಡತಿಗೆ ತಿಳಿಸದೆ ಗುಟ್ಟಾಗಿ ಹೋಗಲಿಲ್ಲ, ಜಗಳವಾಡಿಯೂ ಹೋಗಲಿಲ್ಲ. ಮನೆಯ ಹಣ, ಮನೆಯ ಹೊತ್ತು ಇಬ್ಬರದೂ ಹೌದು. ಇಬ್ಬರೂ ಒಪ್ಪಿ ಕೊಟ್ಟಾಗಲೇ ಅದು ಕುಟುಂಬದ ಸೇವೆಯಾಯಿತು.

ಗುಂಡಿನ ಸದ್ದಿನ ನಡುವೆ

1848ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. ಕೆಲಸವಿಲ್ಲದ ಕಾರ್ಮಿಕರ ಹಸಿವು ಜೂನ್ ತಿಂಗಳಲ್ಲಿ ಬೀದಿಕಾಳಗವಾಗಿ ಸಿಡಿಯಿತು. ರಕ್ತಪಾತ ನಿಲ್ಲಿಸಲು ಪ್ಯಾರಿಸ್ಸಿನ ಮಹಾಧರ್ಮಾಧ್ಯಕ್ಷ ಅಫ್ರ್ ಅವರು ನಡುವೆ ಹೋಗಿ ಮಾತನಾಡಬೇಕೆಂದು ವಿನಂತಿಸಿದವರಲ್ಲಿ ಓಝನಾಮ್ ಒಬ್ಬರು. ಮಹಾಧರ್ಮಾಧ್ಯಕ್ಷರು ಜೂನ್ 25ರಂದು ಶಾಂತಿಗಾಗಿ ಬೀದಿಗಿಳಿದರು. ಅಲ್ಲಿ ಗುಂಡೇಟು ತಗಲಿ ಎರಡು ದಿನಗಳಲ್ಲಿ ಅಸುನೀಗಿದರು. ಓಝನಾಮ್‌ರ ಮನಸ್ಸಿಗೆ ಇದು ಆಳವಾದ ನೋವು.

ಆ ವರ್ಷ ಅವರು ಯಾಜಕ ಲಾಕೊರ್ಡೇರ್ ಮತ್ತು ಗೆಳೆಯರೊಂದಿಗೆ ಹೊಸ ಯುಗ ಎಂಬ ಅರ್ಥದ ಹೆಸರಿನ ಪತ್ರಿಕೆಯಲ್ಲಿ ಬರೆದರು. ಬಡವರ ಮನೆಗಳನ್ನು ಹದಿನೈದು ವರ್ಷ ಕಣ್ಣಾರೆ ಕಂಡಿದ್ದರಿಂದ ಅವರ ಬರಹಕ್ಕೆ ಬಲವಿತ್ತು. ಬರೀ ಭಿಕ್ಷೆ ಸಾಲದು, ದುಡಿಯುವವನಿಗೆ ನ್ಯಾಯವಾದ ಕೂಲಿ ಬೇಕು, ಬಡತನದ ಕಾರಣಗಳನ್ನೇ ಹುಡುಕಿ ಸರಿಪಡಿಸಬೇಕು ಎಂದು ವಾದಿಸಿದರು. ಕಾರ್ಮಿಕರ ಹಕ್ಕುಗಳ ಬಗ್ಗೆ ಜಗದ್ಗುರು ಹದಿಮೂರನೇ ಲಿಯೋ ಅವರ ಪ್ರಸಿದ್ಧ ಪ್ರೇಷಿತ ಪತ್ರ ಹೊರಬಂದದ್ದು 1891ರಲ್ಲಿ, ಅಂದರೆ ಇದಾಗಿ ನಲವತ್ತಕ್ಕೂ ಹೆಚ್ಚು ವರ್ಷಗಳ ನಂತರ. 1849ರಲ್ಲಿ ಕಾಲರಾ ಮತ್ತೆ ಬಂದಾಗ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು ರೋಗಿಗಳ ಮನೆಗಳಿಗೇ ಹೋಗಿ ಉಪಚರಿಸಿದರು.

ಸಂಜೆಯಾಗುವ ಮುನ್ನ

ಮೂತ್ರಪಿಂಡದ ಕಾಯಿಲೆ ಓಝನಾಮ್‌ರನ್ನು ಒಳಗಿಂದೊಳಗೇ ತಿನ್ನುತ್ತಿತ್ತು. ವೈದ್ಯರ ಮಾತಿನಂತೆ ವಿಶ್ರಾಂತಿಗಾಗಿ ಇಟಲಿಗೆ ಹೋದರು. ಅಲ್ಲಿಯೂ ಸುಮ್ಮನಿರಲಾಗಲಿಲ್ಲ. ಶಕ್ತಿಯಿದ್ದಷ್ಟು ಓಡಾಡಿ, ಶಕ್ತಿಯಿಲ್ಲದಾಗ ಪತ್ರ ಬರೆದು, ಟಸ್ಕನಿ ಪ್ರಾಂತ್ಯದ ಊರುಗಳಲ್ಲಿ ಸಭೆಯ ಹೊಸ ಗುಂಪುಗಳು ಹುಟ್ಟಲು ನೆರವಾದರು. 1853ರ ಆರಂಭದಲ್ಲಿ ಫ್ಲಾರೆನ್ಸಿನಲ್ಲಿ ಮಾತನಾಡುತ್ತ ಅವರು ಕೊಟ್ಟ ಲೆಕ್ಕದ ಪ್ರಕಾರ, ಪ್ಯಾರಿಸ್ ಒಂದರಲ್ಲೇ ಆಗ 2,000 ಸದಸ್ಯರಿದ್ದು 5,000 ಕುಟುಂಬಗಳನ್ನು, ಎಂದರೆ ಸುಮಾರು 20,000 ಜನರನ್ನು ನೋಡಿಕೊಳ್ಳುತ್ತಿದ್ದರು. ಇಪ್ಪತ್ತು ವರ್ಷಗಳ ಹಿಂದೆ ಏಳು ಜನ ಹಚ್ಚಿದ ಹಣತೆ ಅದು.

ನಲವತ್ತು ತುಂಬಿದ ದಿನ, 1853ರ ಏಪ್ರಿಲ್ 23ರಂದು ಪೀಸಾ ನಗರದಲ್ಲಿ ಕುಳಿತು, ತಾವು ಪ್ರೀತಿಸಿದ್ದೆಲ್ಲವನ್ನೂ ದೇವರಿಗೆ ಒಪ್ಪಿಸುವ ಪ್ರಾರ್ಥನೆಯೊಂದನ್ನು ಬರೆದರು. ಯುವ ಪತ್ನಿಯನ್ನೂ ಎಂಟು ವರ್ಷ ತುಂಬದ ಮಗಳನ್ನೂ ಅರ್ಧಕ್ಕೆ ನಿಂತ ಪುಸ್ತಕಗಳನ್ನೂ ಬಿಟ್ಟುಹೋಗುವುದು ಅವರಿಗೆ ಸುಲಭವಾಗಿರಲಿಲ್ಲ. ಆಗಸ್ಟ್ 23ರಂದು, ಎದ್ದು ನಡೆಯಲೂ ಕಷ್ಟವಾಗಿದ್ದಾಗ, ಸಮುದ್ರದಂಡೆಯ ಮಿರ್ಟಲ್ ಗಿಡದ ಒಂದು ರೆಂಬೆಯನ್ನು ಅಮೆಲಿಗೆ ಕೊಟ್ಟರು. ಅದು ಕಡೆಯ 23ನೆಯ ತಾರೀಖು. ಹಡಗಿನಲ್ಲಿ ಫ್ರಾನ್ಸಿಗೆ ಮರಳಿದ ಅವರು 1853ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಜನನದ ಹಬ್ಬದ ಸಂಜೆ, ಮಾರ್ಸೇಯ್ ನಗರದಲ್ಲಿ ಕಣ್ಮುಚ್ಚಿದರು. 1997ರ ಆಗಸ್ಟ್ 22ರಂದು ಪ್ಯಾರಿಸ್ಸಿನ ನೋತ್ರದಾಮ್ ಪ್ರಧಾನಾಲಯದಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್ ಅವರಿಗೆ ಪುನೀತ ಪದವಿ ನೀಡಿದರು. ಅವರ ಸ್ಮರಣೆಯ ದಿನ ಸೆಪ್ಟೆಂಬರ್ 9. ಅವರು ಗೆಳೆಯರೊಂದಿಗೆ ಆರಂಭಿಸಿದ ಸಭೆ ಈಗ ಸುಮಾರು 150 ದೇಶಗಳಲ್ಲಿದೆ, ನಮ್ಮ ಕರ್ನಾಟಕದ ಅನೇಕ ಧರ್ಮಕೇಂದ್ರಗಳಲ್ಲೂ ಇದೆ.

ನಿಮ್ಮ ವಾರದಲ್ಲಿ ಒಂದು ಜಾಗ

ಪ್ರಿಯ ಓದುಗರೇ, ಓಝನಾಮ್‌ಗೆ ನಮಗಿಂತ ಹೆಚ್ಚು ಬಿಡುವಿತ್ತೆಂದು ಈಗ ಹೇಳಲಾರಿರಿ. ಹಾಗಾದರೆ ಅವರಿಂದ ಅದು ಹೇಗೆ ಸಾಧ್ಯವಾಯಿತು?

ಮೊದಲನೆಯದಾಗಿ, ಅವರು ಬಿಡುವು ಸಿಗಲೆಂದು ಕಾಯಲಿಲ್ಲ. ವಾರದಲ್ಲಿ ಒಂದು ಹೊತ್ತನ್ನು ಮುಂಚೆಯೇ ಬಡವರಿಗೆಂದು ತೆಗೆದಿಟ್ಟರು. ಉಳಿದದ್ದನ್ನು ಕೊಡಲು ಹೋದರೆ ಏನೂ ಉಳಿಯುವುದಿಲ್ಲ, ಇದು ಹಣಕ್ಕೂ ನಿಜ, ಸಮಯಕ್ಕೂ ನಿಜ. ಎರಡನೆಯದಾಗಿ, ಲೋಕದ ಬಡತನವನ್ನೆಲ್ಲ ತಲೆಯ ಮೇಲೆ ಹೊತ್ತುಕೊಳ್ಳಲಿಲ್ಲ. ಹೆಸರು ಗೊತ್ತಿರುವ, ಮುಖ ಗೊತ್ತಿರುವ ಮನೆಗಳನ್ನು ಹಿಡಿದುಕೊಂಡರು, ಅದೂ ನಡೆದುಹೋಗುವಷ್ಟು ಹತ್ತಿರದಲ್ಲಿ. ಮೂರನೆಯದಾಗಿ, ಒಬ್ಬರೇ ಹೋಗಲಿಲ್ಲ. ಈ ವಾರ ನೀನು ಹೋಗಿದ್ದೆಯಾ ಎಂದು ಪ್ರೀತಿಯಿಂದ ಕೇಳುವ ಗೆಳೆಯರಿದ್ದರು. ಒಬ್ಬರಿಗೆ ಪರೀಕ್ಷೆ ಬಂದರೆ, ಮನೆಯಲ್ಲಿ ಕಾಯಿಲೆಯಾದರೆ, ಇನ್ನೊಬ್ಬರು ಆ ಮನೆಯನ್ನು ನೋಡಿಕೊಳ್ಳಬಹುದಿತ್ತು.

ಅವರಲ್ಲಿ ನಾವು ಅನುಕರಿಸಬೇಕಿಲ್ಲದ್ದೂ ಒಂದಿದೆ. ರಾತ್ರಿಗಟ್ಟಲೆ ಓದಿ ಬರೆದು, ವೈದ್ಯರು ಬೇಡವೆಂದರೂ ದುಡಿದು ಅವರು ದೇಹವನ್ನು ಬಹಳ ದಂಡಿಸಿದರು. ನಮ್ಮ ದೇಹವೂ ದೇವರದೇ. ಚಿಕ್ಕ ಮಕ್ಕಳ ತಾಯಂದಿರು, ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುತ್ತಿರುವವರು, ಎರಡು ಪಾಳಿ ದುಡಿದು ಸುಸ್ತಾದವರು ಈ ಬರಹ ಓದಿ ತಮ್ಮನ್ನು ತಾವೇ ದೂಷಿಸಿಕೊಳ್ಳಬಾರದು. ಅವರು ಆಗಲೇ ಸೇವೆಯಲ್ಲಿದ್ದಾರೆ. ಅಂಥವರ ಮನೆಗೆ ಹೋಗಿ ಒಂದು ಗಂಟೆ ಅವರಿಗೆ ಬಿಡುವು ಕೊಡುವುದು ಪ್ರಾಯಶಃ ಉಳಿದವರ ಪಾಲಿನ ಸೇವೆ.

ಉಳಿದವರು ಹೀಗೆ ಮಾಡಬಹುದು. ಈ ವಾರ ಮನೆಯವರೆಲ್ಲ ಜಪಸರ ಮುಗಿಸಿದ ಮೇಲೆ ಐದು ನಿಮಿಷ ಕುಳಿತು ಮಾತನಾಡಿಕೊಳ್ಳಿರಿ. ನಮ್ಮ ಬೀದಿಯಲ್ಲಿ, ನಮ್ಮ ಧರ್ಮಕೇಂದ್ರದಲ್ಲಿ ಯಾರ ಮನೆಗೆ ಯಾರೂ ಹೋಗುತ್ತಿಲ್ಲ? ಒಂಟಿಯಾಗಿರುವ ಅಜ್ಜಿಯೋ, ಗಂಡನನ್ನು ಕಳೆದುಕೊಂಡ ಯುವತಿಯೋ, ಕೆಲಸ ಹೋಗಿ ತಲೆತಗ್ಗಿಸಿ ಓಡಾಡುವ ಗೃಹಸ್ಥರೋ? ಒಂದು ಮನೆ ಸಾಕು. ಒಂದು ದಿನ, ಒಂದು ಹೊತ್ತು ಗೊತ್ತುಮಾಡಿಕೊಳ್ಳಿರಿ. ಜೊತೆಗೆ ಬರಲು ಇನ್ನೊಬ್ಬರನ್ನು ಕೇಳಿರಿ. ಏನು ಕೊಡಬೇಕೆಂಬ ಚಿಂತೆ ಮೊದಲ ದಿನವೇ ಬೇಡ, ಹೋಗಿ ಕುಳಿತುಕೊಳ್ಳಿರಿ, ಅವರ ಮಾತು ಕೇಳಿರಿ. ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಫ್ರೆಡರಿಕ್ ಇದನ್ನು ಕಲಿತದ್ದು ಮೆಟ್ಟಿಲು ಹತ್ತುತ್ತಿದ್ದ ತಂದೆತಾಯಿಯನ್ನು ನೋಡಿಯೇ ಎಂಬುದನ್ನು ಮರೆಯದಿರೋಣ.

ಪುನೀತ ಫ್ರೆಡರಿಕ್ ಓಝನಾಮ್‌ರೇ, ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಿರಿ.